ಸಸ್ಪೆನ್ಷನ್ ಡ್ಯಾಂಪರ್ ಮತ್ತು ಬೇರಿಂಗ್‌ಗಳ ಉನ್ನತೀಕರಣ

ಸಸ್ಪೆನ್ಷನ್ ಡ್ಯಾಂಪರ್ ಮತ್ತು ಬೇರಿಂಗ್‌ಗಳ ಉನ್ನತೀಕರಣ ಎಂದರೆ ಕಾರಿನ ಚಕ್ರ ಹಾಗೂ ದೇಹದ ನಡುವಿನ ಸವೆದ ಅಥವಾ ಸಾಧಾರಣ ಗುಣಮಟ್ಟದ ಡ್ಯಾಂಪರ್‌ಗಳನ್ನು, ಸ್ಟ್ರಟ್‌ನ ಮೇಲ್ತುದಿಯ ಬೇರಿಂಗ್‌ಗಳನ್ನು ಮತ್ತು ತೋಳುಗಳ ಬುಷ್‌ಗಳನ್ನು ತೆಗೆದು, ಹೆಚ್ಚಿನ ಸಾಮರ್ಥ್ಯದ ಅಥವಾ ಬೇರೆ ಗುಣಲಕ್ಷಣಗಳ ಭಾಗಗಳನ್ನು ಜೋಡಿಸುವ ಕ್ರಮ. ಡ್ಯಾಂಪರ್ ಅನ್ನು ಭಾರತದಲ್ಲಿ ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರ್ ಎಂದು ಕರೆಯಲಾಗುತ್ತದೆ. ಈ ಭಾಗಗಳು ಒಂದನ್ನೊಂದು ಅವಲಂಬಿಸಿ ಕೆಲಸ ಮಾಡುವುದರಿಂದ ಒಂದನ್ನು ಮಾತ್ರ ಗಡುಸಾಗಿಸಿದರೆ ಹೊರೆಯು ಇಲ್ಲವಾಗುವುದಿಲ್ಲ, ಪಕ್ಕದ ಭಾಗಕ್ಕೆ ವರ್ಗವಾಗುತ್ತದೆ. ಉನ್ನತೀಕರಣದ ನಂತರ ಕಾರು ಮೊದಲಿಗಿಂತ ಕೆಟ್ಟದಾಗಿ ಓಡುವ ಪ್ರಸಂಗಗಳಿಗೆ ಬಹುಪಾಲು ಇದೇ ಕಾರಣ.

ಡ್ಯಾಂಪರ್‌ನ ಕೆಲಸ

ಶಾಕ್ ಅಬ್ಸಾರ್ಬರ್ ಎಂಬ ಹೆಸರು ತಪ್ಪು ಕಲ್ಪನೆಗೆ ಎಡೆಮಾಡಿಕೊಟ್ಟಿದೆ. ರಸ್ತೆಯ ಆಘಾತವನ್ನು ಮೊದಲು ಸ್ವೀಕರಿಸುವುದು ಟೈರು, ಅನಂತರ ಸ್ಪ್ರಿಂಗ್. ಕಾರಿನ ತೂಕವನ್ನು ಹೊರುವುದೂ ಸ್ಪ್ರಿಂಗೇ. ಕುಗ್ಗಿದ ಸ್ಪ್ರಿಂಗ್ ತನ್ನಲ್ಲಿ ಸಂಗ್ರಹವಾದ ಶಕ್ತಿಯನ್ನು ಹಿಂದಿರುಗಿಸುತ್ತದೆ. ತಡೆಯುವವರಿಲ್ಲದಿದ್ದರೆ ಕಾರು ಒಂದು ಗುಂಡಿಯನ್ನು ದಾಟಿದ ಮೇಲೂ ಬಹಳ ಹೊತ್ತು ಮೇಲೆ ಕೆಳಗೆ ತೂಗಾಡುತ್ತದೆ. ಈ ಆಂದೋಲನದ ಚಲನಶಕ್ತಿಯನ್ನು ಎಣ್ಣೆಯ ಘರ್ಷಣೆಯ ಮೂಲಕ ಉಷ್ಣವಾಗಿ ಪರಿವರ್ತಿಸಿ ಹೊರಹಾಕುವುದೇ ಡ್ಯಾಂಪರ್‌ನ ಕೆಲಸ. ಒರಟು ರಸ್ತೆಯಲ್ಲಿ ಓಡಿದ ಕಾರಿನ ಡ್ಯಾಂಪರ್ ಮುಟ್ಟಿದರೆ ಬಿಸಿಯಾಗಿರುವುದು ಇದರಿಂದ.

ಡ್ಯಾಂಪರ್ ಒಡ್ಡುವ ಪ್ರತಿರೋಧವು ಅದರ ಚಲನೆಯ ವೇಗವನ್ನು ಅವಲಂಬಿಸಿದೆ. ನಿಂತ ಕಾರಿನಲ್ಲಿ ಅದು ಅನಿಲದ ಒತ್ತಡದಿಂದ ಬರುವ ಅಲ್ಪ ಬಲವನ್ನು ಬಿಟ್ಟರೆ ಏನನ್ನೂ ಹೊರುವುದಿಲ್ಲ. ಆದ್ದರಿಂದ ಹೊಸ ಡ್ಯಾಂಪರ್ ಹಾಕಿದರೆ ತಗ್ಗಿದ ಕಾರು ಮೇಲೇಳುತ್ತದೆ ಎಂಬ ನಂಬಿಕೆ ಸರಿಯಲ್ಲ. ತಗ್ಗಿರುವುದು ಸ್ಪ್ರಿಂಗ್ ದಣಿದಿರುವುದರ ಲಕ್ಷಣ.

ಒಂದು ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಚಕ್ರದ ಮೇಲೆ 300 ಕಿಲೋಗ್ರಾಂ ದೇಹಭಾರವಿದ್ದು, ಸ್ಪ್ರಿಂಗ್‌ನ ಬಿಗುವು ಪ್ರತಿ ಮೀಟರಿಗೆ 20,000 ನ್ಯೂಟನ್ ಇದೆ ಎಂದಿಟ್ಟುಕೊಂಡರೆ, ದೇಹದ ಸ್ವಾಭಾವಿಕ ಆವೃತ್ತಿ ಸುಮಾರು 1.3 ಹರ್ಟ್ಸ್ ಆಗುತ್ತದೆ. ಸಾಧಾರಣ ಪ್ರಯಾಣಿಕ ಕಾರುಗಳ ಆವೃತ್ತಿ 1ರಿಂದ 1.5 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಒಮ್ಮೆಯೂ ಮರುತೂಗಾಟವಿಲ್ಲದೆ ದೇಹವು ಆದಷ್ಟು ಬೇಗ ನೆಲೆಗೊಳ್ಳಲು ಬೇಕಾದ ಅವಮಂದನವನ್ನು ಕ್ರಾಂತಿಕ ಅವಮಂದನ ಎನ್ನುತ್ತಾರೆ. ಪ್ರಯಾಣಿಕ ಕಾರಿನಲ್ಲಿ ಇದರ ಸುಮಾರು ಶೇ. 20ರಿಂದ 40ರಷ್ಟನ್ನು ಮಾತ್ರ ಬಳಸಲಾಗುತ್ತದೆ, ಏಕೆಂದರೆ ಪೂರ್ಣ ಪ್ರಮಾಣದಲ್ಲಿ ಬಳಸಿದರೆ ರಸ್ತೆಯ ಪ್ರತಿಯೊಂದು ಕಲ್ಲೂ ದೇಹಕ್ಕೆ ತಟ್ಟುತ್ತದೆ. ಮೇಲಿನ ಕಾರಿನಲ್ಲಿ ಶೇ. 30ರ ಅವಮಂದನವಿದ್ದರೆ ಒಂದು ಪೂರ್ಣ ತೂಗಾಟ ಮುಗಿಯುವಷ್ಟರಲ್ಲಿ ಅದರ ವಿಸ್ತಾರ ಶೇ. 14ಕ್ಕೆ ಇಳಿದಿರುತ್ತದೆ. ಡ್ಯಾಂಪರ್ ಸವೆದು ಅದರ ಸಾಮರ್ಥ್ಯ ಅರ್ಧವಾದರೆ ಅದೇ ಹೊತ್ತಿಗೆ ಶೇ. 39ರಷ್ಟು ತೂಗಾಟ ಉಳಿದಿರುತ್ತದೆ.

ಇದೇ ಲೆಕ್ಕವು ಉನ್ನತೀಕರಣದ ಸಾಮಾನ್ಯ ತಪ್ಪೊಂದನ್ನೂ ತೋರಿಸುತ್ತದೆ. ಡ್ಯಾಂಪರ್ ಹಳೆಯದನ್ನೇ ಉಳಿಸಿಕೊಂಡು ಸ್ಪ್ರಿಂಗ್‌ನ ಬಿಗುವನ್ನು ಒಂದೂವರೆ ಪಟ್ಟು ಹೆಚ್ಚಿಸಿದರೆ ಆವೃತ್ತಿ ಸುಮಾರು 1.6 ಹರ್ಟ್ಸ್‌ಗೆ ಏರುತ್ತದೆ, ಆದರೆ ಅವಮಂದನದ ಪ್ರಮಾಣ ಶೇ. 30ರಿಂದ ಸುಮಾರು ಶೇ. 24.5ಕ್ಕೆ ಇಳಿಯುತ್ತದೆ. ಕಾರು ಗಡುಸೂ ಆಯಿತು, ಅದರ ಜೊತೆಗೆ ಹೆಚ್ಚು ಕುಣಿಯುವಂತೆಯೂ ಆಯಿತು. ಹೊಸ ಸ್ಪ್ರಿಂಗ್‌ಗೆ ಹೊಂದುವ ಡ್ಯಾಂಪರ್ ಅನ್ನು ಒಟ್ಟಿಗೇ ಮಾರುವ ಪದ್ಧತಿ ಬೆಳೆದಿರುವುದು ಈ ಕಾರಣಕ್ಕಾಗಿ.

ಕಾರಿನ ದೇಹದ ತೂಗಾಟವು ಪ್ರಯಾಣಿಕರಿಗೆ ತಿಳಿಯುತ್ತದೆ. ಅದಕ್ಕಿಂತ ಅಪಾಯಕಾರಿಯಾದ ಚಕ್ರದ ಕುಣಿತ ಅಷ್ಟಾಗಿ ತಿಳಿಯುವುದಿಲ್ಲ. ಚಕ್ರ, ಬ್ರೇಕ್ ಮತ್ತು ಹಬ್ ಸೇರಿದ ಭಾಗವು ಸಾಮಾನ್ಯವಾಗಿ 10ರಿಂದ 15 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸುಮಾರು 1.85 ಮೀಟರಿಗೊಂದರಂತೆ ಉಬ್ಬುಗಳಿರುವ ರಸ್ತೆ 12 ಹರ್ಟ್ಸ್‌ನ ಕಂಪನವನ್ನು ಪ್ರಚೋದಿಸುತ್ತದೆ. ಡ್ಯಾಂಪರ್ ದುರ್ಬಲವಾಗಿದ್ದರೆ ಟೈರು ನೆಲವನ್ನು ಒಮ್ಮೆ ಬಲವಾಗಿ ಒತ್ತಿ, ಮರುಕ್ಷಣ ಹಗುರಾಗುತ್ತದೆ. ಹಗುರಾದ ಕ್ಷಣದಲ್ಲಿ ಅದಕ್ಕೆ ಬ್ರೇಕ್ ಹಿಡಿಯುವ ಅಥವಾ ತಿರುವಿನಲ್ಲಿ ಕಾರನ್ನು ನಿಲ್ಲಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಡ್ಯಾಂಪರ್ ಕೇವಲ ಸುಖಪ್ರಯಾಣದ ಭಾಗವಲ್ಲ, ಬ್ರೇಕಿನಷ್ಟೇ ಸುರಕ್ಷತೆಯ ಭಾಗ ಎನ್ನುವುದು ಇದರಿಂದಲೇ.

ರಚನೆ ಮತ್ತು ವಿಧಗಳು

ಇಂದು ವ್ಯಾಪಕವಾಗಿರುವುದು ಕೊಳವೆಯಾಕಾರದ ಹೈಡ್ರಾಲಿಕ್ ಡ್ಯಾಂಪರ್. ಎಣ್ಣೆ ತುಂಬಿದ ಸಿಲಿಂಡರ್‌ನೊಳಗೆ ಸರಿಯುವ ಪಿಸ್ಟನ್‌ನಲ್ಲಿ ಸಣ್ಣ ರಂಧ್ರಗಳೂ ಅವುಗಳನ್ನು ಮುಚ್ಚುವ ತೆಳುವಾದ ಉಕ್ಕಿನ ಬಿಲ್ಲೆಗಳೂ ಇರುತ್ತವೆ. ನಿಧಾನ ಚಲನೆಯಲ್ಲಿ ಎಣ್ಣೆ ಸಣ್ಣ ರಂಧ್ರಗಳಿಂದ ಹಾಯುತ್ತದೆ; ವೇಗ ಹೆಚ್ಚಿದಾಗ ಒತ್ತಡಕ್ಕೆ ಬಿಲ್ಲೆಗಳು ಬಾಗಿ ದಾರಿ ಬಿಡುತ್ತವೆ. ಸಾಮಾನ್ಯವಾಗಿ ಹಿಗ್ಗುವ ಚಲನೆಗೆ ಕುಗ್ಗುವ ಚಲನೆಗಿಂತ ಹೆಚ್ಚು ಪ್ರತಿರೋಧವಿರುವಂತೆ ಇವುಗಳನ್ನು ಜೋಡಿಸಲಾಗುತ್ತದೆ.

ಎರಡು ಕೊಳವೆಯ ಮಾದರಿಯಲ್ಲಿ ಒಳಕೊಳವೆಯು ಕೆಲಸದ ಸಿಲಿಂಡರ್ ಆಗಿದ್ದು, ಹೊರಕೊಳವೆ ಎಣ್ಣೆಯ ಸಂಗ್ರಹವಾಗಿರುತ್ತದೆ. ಇದು ಅಗ್ಗ, ಹೊರಗಿನ ಪೆಟ್ಟಿನಿಂದ ಕೊಳವೆ ನೆಗ್ಗಿದರೂ ಕೆಲಸ ನಿಲ್ಲುವುದಿಲ್ಲ. ಆದರೆ ಸತತ ಚಲನೆಯಲ್ಲಿ ಎಣ್ಣೆಯೊಂದಿಗೆ ಗಾಳಿ ಬೆರೆತು ನೊರೆಯಾದರೆ ಪ್ರತಿರೋಧ ಕುಸಿಯುತ್ತದೆ. ಸಂಗ್ರಹದಲ್ಲಿ ಕಡಿಮೆ ಒತ್ತಡದ ಸಾರಜನಕವನ್ನು ತುಂಬಿ ಇದನ್ನು ಸ್ವಲ್ಪಮಟ್ಟಿಗೆ ತಡೆಯುತ್ತಾರೆ. ಮಾರುಕಟ್ಟೆಯಲ್ಲಿ ಗ್ಯಾಸ್ ಶಾಕ್ ಎಂದು ಕರೆಯುವುದರಲ್ಲಿಯೂ ಅವಮಂದನ ಮಾಡುವುದು ಎಣ್ಣೆಯೇ ಹೊರತು ಅನಿಲವಲ್ಲ.

ಒಂದೇ ಕೊಳವೆಯ ಮಾದರಿಯಲ್ಲಿ ತೇಲುವ ಎರಡನೆಯ ಪಿಸ್ಟನ್ ಎಣ್ಣೆಯನ್ನೂ ಹೆಚ್ಚಿನ ಒತ್ತಡದ ಅನಿಲವನ್ನೂ ಬೇರ್ಪಡಿಸುತ್ತದೆ. ನೊರೆಯಾಗುವ ಸಾಧ್ಯತೆ ಕಡಿಮೆ. ಎಣ್ಣೆಯಿರುವ ಕೊಳವೆಯ ಹೊರಮೈಗೆ ನೇರವಾಗಿ ಗಾಳಿ ತಾಗುವುದರಿಂದ ಬೇಗ ತಣಿಯುತ್ತದೆ. ಆದರೆ ಕಲ್ಲು ಸಿಡಿದು ಕೊಳವೆ ನೆಗ್ಗಿದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ.

ಹೊರಗಿನ ತಿರುಪಿನಿಂದ ಪ್ರತಿರೋಧವನ್ನು ಬದಲಾಯಿಸಬಹುದಾದ ಡ್ಯಾಂಪರ್‌ಗಳೂ ಇವೆ. ಅಗ್ಗದ ಹಲವು ಮಾದರಿಗಳಲ್ಲಿ ಒಂದೇ ತಿರುಪು ಹಿಗ್ಗುವಿಕೆ ಮತ್ತು ಕುಗ್ಗುವಿಕೆ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ಇಂಥವುಗಳಲ್ಲಿ ತಿರುಪನ್ನು ಪೂರ್ತಿ ಬಿಗಿಗೊಳಿಸುವುದೇ ಉತ್ತಮ ಎಂದು ಭಾವಿಸಿದವರು ಸಾಮಾನ್ಯ ರಸ್ತೆಯಲ್ಲಿ ಹಿಡಿತವನ್ನು ಕಳೆದುಕೊಳ್ಳುತ್ತಾರೆ. ವಿದ್ಯುತ್ಕಾಂತದ ಪ್ರಭಾವದಿಂದ ಸ್ನಿಗ್ಧತೆ ಬದಲಾಗುವ ದ್ರವವನ್ನು ಬಳಸುವ ಡ್ಯಾಂಪರ್ 2002ರ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್ ಕಾರಿನಲ್ಲಿ ಬಳಕೆಗೆ ಬಂದಿತು.

ಇತಿಹಾಸ

20ನೆಯ ಶತಮಾನದ ಆರಂಭದ ಕಾರುಗಳಲ್ಲಿ ಫ್ರಾನ್ಸಿನ ಟ್ರುಫೋ ಮತ್ತು ಅಮೆರಿಕದ ಹಾರ್ಟ್‌ಫೋರ್ಡ್ ಹೆಸರಿನೊಂದಿಗೆ ಗುರುತಿಸಲಾಗುವ ಘರ್ಷಣೆಯ ಡ್ಯಾಂಪರ್‌ಗಳಿದ್ದವು. ಒತ್ತಿ ಹಿಡಿದ ಬಿಲ್ಲೆಗಳು ಪರಸ್ಪರ ಉಜ್ಜುವುದರಿಂದ ಇವು ಕೆಲಸ ಮಾಡುತ್ತಿದ್ದವು. ಒಣ ಘರ್ಷಣೆಗೆ ಒಂದು ವಿಚಿತ್ರ ದೋಷವಿದೆ: ಸಣ್ಣ ಉಬ್ಬಿನಲ್ಲಿ ಅದು ಅತಿಯಾಗಿ ಹಿಡಿಯುತ್ತದೆ, ದೊಡ್ಡ ಗುಂಡಿಯಲ್ಲಿ ಸಾಲುವುದಿಲ್ಲ. ಫ್ರಾನ್ಸಿನ ಮೋರಿಸ್ ಹೂಡೈ ರೂಪಿಸಿದ ತಿರುಗುವ ಹೈಡ್ರಾಲಿಕ್ ಡ್ಯಾಂಪರ್ ಈ ದೋಷವನ್ನು ನೀಗಿಸಿತು. ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಬಳಕೆಯಾಗಿ ಜನಸಾಮಾನ್ಯರನ್ನು ತಲುಪಿತು. ಮೋರಿಸ್ ಮೈನರ್, ಎಂಜಿಬಿ ಮುಂತಾದ ಬ್ರಿಟಿಷ್ ಕಾರುಗಳಲ್ಲಿ ತೋಳಿನ ಮಾದರಿಯ ಡ್ಯಾಂಪರ್‌ಗಳು ಬಹುಕಾಲ ಉಳಿದವು. ಒಂದೇ ಕೊಳವೆಯ ಅನಿಲ ಒತ್ತಡದ ಡ್ಯಾಂಪರ್ ಅನ್ನು ಫ್ರೆಂಚ್ ಎಂಜಿನಿಯರ್ ಕ್ರಿಸ್ಟಿಯನ್ ಬೂರ್ಸಿಯೇ ದ ಕಾರ್ಬೋನ್ ಅಭಿವೃದ್ಧಿಪಡಿಸಿದರು. 1950ರ ದಶಕದಲ್ಲಿ ಜರ್ಮನಿಯ ಬಿಲ್‌ಸ್ಟೈನ್ ಸಂಸ್ಥೆ ಅದನ್ನು ಸರಣಿ ಉತ್ಪಾದನೆಗೆ ತಂದಿತು.

ಬೇರಿಂಗ್‌ನ ಪ್ರಶ್ನೆ ಎದ್ದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್‌ನಿಂದ. ಅಮೆರಿಕದ ಎಂಜಿನಿಯರ್ ಅರ್ಲ್ ಎಸ್. ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ಷೆವ್ರಲೆ ಸಂಸ್ಥೆಯ ಚಿಕ್ಕ ಕಾರಿನ ಯೋಜನೆಗಾಗಿ ಈ ದಿಕ್ಕಿನಲ್ಲಿ ಕೆಲಸ ಮಾಡಿದರು. ಆ ಕಾರು ಮಾರುಕಟ್ಟೆಗೆ ಬರಲಿಲ್ಲ. ಅವರು ಫೋರ್ಡ್ ಸಂಸ್ಥೆಯನ್ನು ಸೇರಿದ ಮೇಲೆ 1950ರಲ್ಲಿ ಬ್ರಿಟನ್ನಿನಲ್ಲಿ ಪ್ರದರ್ಶಿಸಲಾದ ಫೋರ್ಡ್ ಕಾನ್ಸಲ್ ಮತ್ತು ಝೆಫರ್ ಕಾರುಗಳಲ್ಲಿ ಈ ಸ್ಟ್ರಟ್ ಕಾಣಿಸಿಕೊಂಡಿತು. ಇದರಲ್ಲಿ ಡ್ಯಾಂಪರ್ ಕೇವಲ ಡ್ಯಾಂಪರ್ ಆಗಿ ಉಳಿಯದೆ ಚಕ್ರವನ್ನು ನಿಲ್ಲಿಸುವ ಕಂಬವೂ ಆಗುತ್ತದೆ. ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಆಧರಿಸಿದ ಹಿಂದೂಸ್ತಾನ್ ಅಂಬಾಸಿಡರ್‌ನ ಮುಂಭಾಗದಲ್ಲಿ ತಿರುಚುವ ಸರಳುಗಳಿದ್ದವು, ಸ್ಟ್ರಟ್ ಇರಲಿಲ್ಲ. 1983ರಲ್ಲಿ ಮಾರಾಟಕ್ಕೆ ಬಂದ ಮಾರುತಿ 800ರ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇತ್ತು. ಭಾರತದ ವರ್ಕ್‌ಷಾಪ್‌ಗಳಲ್ಲಿ ಸ್ಟ್ರಟ್ ಬೇರಿಂಗ್ ದಿನಬಳಕೆಯ ಮಾತಾಗಿದ್ದು ಆ ನಂತರದ ಚಿಕ್ಕ ಕಾರುಗಳ ಕಾಲದಲ್ಲಿ.

ಸ್ಟ್ರಟ್‌ನ ಮೇಲ್ತುದಿಯ ಬೇರಿಂಗ್

ಮುಂದಿನ ಚಕ್ರ ತಿರುಗುವಾಗ ಸ್ಟ್ರಟ್‌ನ ಹೊರಕೊಳವೆಯೂ ಅದರ ಮೇಲೆ ಕುಳಿತಿರುವ ಸ್ಪ್ರಿಂಗೂ ಒಟ್ಟಿಗೆ ತಿರುಗುತ್ತವೆ. ಕಾರಿನ ದೇಹ ತಿರುಗುವುದಿಲ್ಲ. ಇವೆರಡರ ನಡುವಿನ ತಿರುಗಾಟಕ್ಕೆ ಮೇಲ್ತುದಿಯ ಮೌಂಟ್‌ನಲ್ಲಿ ಒಂದು ಒತ್ತುಬೇರಿಂಗ್ ಇರುತ್ತದೆ. ಚಕ್ರದ ಪಾಲಿನ ದೇಹಭಾರವೆಲ್ಲ ಸ್ಪ್ರಿಂಗ್ ಮೂಲಕ ಅದರ ಮೇಲೆಯೇ ಬೀಳುತ್ತದೆ. ಅದು ಕೆಲವೇ ಡಿಗ್ರಿಗಳಷ್ಟು ಹಿಂದೆ ಮುಂದೆ ತಿರುಗುವುದರಿಂದ ಗುಂಡುಗಳು ಒಂದೇ ಜಾಗದಲ್ಲಿ ಒತ್ತಿ ಗುಳಿ ಮಾಡುತ್ತವೆ. ಧೂಳು ಮತ್ತು ನೀರು ಸೇರಿ ಗ್ರೀಸ್ ಹಾಳಾದರೆ ಬೇರಿಂಗ್ ಬಿಗಿಯಾಗುತ್ತದೆ.

ಬಿಗಿಯಾದ ಬೇರಿಂಗ್‌ನ ಲಕ್ಷಣ ವಿಶಿಷ್ಟವಾದುದು. ನಿಂತಲ್ಲಿಯೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ತಿರುಚಿಕೊಂಡು, ಒಂದು ಹಂತದಲ್ಲಿ ತಂತಿ ಮೀಟಿದಂತಹ ಸದ್ದಿನೊಂದಿಗೆ ಜಾರುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಈ ದೋಷವನ್ನು ಸ್ಟೀರಿಂಗ್ ರ‍್ಯಾಕ್‌ನದೆಂದು ತಿಳಿದು ದುಬಾರಿ ದುರಸ್ತಿ ಮಾಡಿಸುವುದುಂಟು. ಪರೀಕ್ಷೆ ಸರಳ: ಬಾನೆಟ್ ತೆರೆದು, ಒಬ್ಬರು ಸ್ಟೀರಿಂಗ್ ತಿರುಗಿಸುವಾಗ ಮತ್ತೊಬ್ಬರು ಮೌಂಟ್‌ನ ಮೇಲೆ ಕೈಯಿಟ್ಟರೆ ಎಳೆದು ಜಾರುವ ಅನುಭವ ಬೆರಳಿಗೆ ತಿಳಿಯುತ್ತದೆ. ಕೈಯನ್ನು ಸ್ಪ್ರಿಂಗ್‌ನ ಸುರುಳಿಗಳ ನಡುವೆ ಇಡಬಾರದು.

ಹೊಸ ಡ್ಯಾಂಪರ್ ಹಾಕುವಾಗ ಹಳೆಯ ಬೇರಿಂಗ್ ಅನ್ನೇ ಮರುಬಳಸುವುದು ಉಳಿತಾಯವೆನಿಸಿದರೂ, ಅದು ಕೆಟ್ಟಾಗ ಸ್ಟ್ರಟ್ ಅನ್ನು ಪೂರ್ತಿ ಮತ್ತೆ ಬಿಚ್ಚಬೇಕಾಗುತ್ತದೆ. ಕೂಲಿ ಎರಡು ಬಾರಿ ತೆರುವಂತಾಗುತ್ತದೆ. ರೇಸ್ ಕಾರುಗಳಲ್ಲಿ ರಬ್ಬರ್ ಮೌಂಟ್‌ನ ಬದಲಿಗೆ ಲೋಹದ ಗೋಳಾಕಾರದ ಬೇರಿಂಗ್ ಮತ್ತು ಚಕ್ರದ ಓರೆಯನ್ನು ಹೊಂದಿಸುವ ಫಲಕಗಳನ್ನು ಬಳಸಲಾಗುತ್ತದೆ. ಸ್ಟೀರಿಂಗ್ ನಿಖರವಾಗುತ್ತದೆ, ಆದರೆ ರಬ್ಬರ್ ನುಂಗುತ್ತಿದ್ದ ಸದ್ದು ಮತ್ತು ಪೆಟ್ಟು ನೇರವಾಗಿ ದೇಹದ ತಗಡಿಗೆ ತಲುಪುತ್ತವೆ. ಧೂಳಿನ ರಸ್ತೆಯಲ್ಲಿ ಇಂತಹ ಬೇರಿಂಗ್‌ಗಳ ಬಾಳಿಕೆಯೂ ಕಡಿಮೆ.

ಚಕ್ರದ ಹಬ್ ಬೇರಿಂಗ್ ಬೇರೆಯದೇ ಭಾಗ. ಅದು ಸವೆದಾಗ ವೇಗದೊಂದಿಗೆ ಏರುವ ಗುಂಯ್‌ಗುಡುವಿಕೆ ಕೇಳಿಸಿ, ತಿರುವಿನಲ್ಲಿ ಸದ್ದು ಬದಲಾಗುತ್ತದೆ. ಚಕ್ರಗಳನ್ನು ಹೊರಕ್ಕೆ ಚಾಚುವ ಅಗಲವಾದ ರಿಮ್‌ಗಳನ್ನು ಹಾಕಿದಾಗ ಅದರ ಮೇಲಿನ ಬಾಗಿಸುವ ಹೊರೆ ಹೆಚ್ಚುತ್ತದೆ.

ಬುಷ್‌ಗಳು

ತೋಳುಗಳು ದೇಹವನ್ನು ಸೇರುವಲ್ಲಿ ಸಾಮಾನ್ಯವಾಗಿ ಎರಡು ಲೋಹದ ಕೊಳವೆಗಳ ನಡುವೆ ರಬ್ಬರ್ ಅಂಟಿಸಿದ ಬುಷ್‌ಗಳಿರುತ್ತವೆ. ಬೇರಿಂಗ್‌ನ ಕೆಲಸ ಮಾಡಿದರೂ ಇವುಗಳಲ್ಲಿ ಯಾವುದೂ ಜಾರುವುದಿಲ್ಲ. ರಬ್ಬರ್ ತಾನೇ ತಿರುಚಿಕೊಂಡು ಚಲನೆಗೆ ಅವಕಾಶ ಕೊಡುತ್ತದೆ. ಈ ಒಂದು ಸಂಗತಿಯನ್ನು ಮರೆತರೆ ಹೊಸ ಬುಷ್‌ಗಳು ಬೇಗನೆ ಹರಿಯುತ್ತವೆ. ಕಾರನ್ನು ಜ್ಯಾಕ್ ಮೇಲೆ ಎತ್ತಿ, ತೋಳು ಕೆಳಗೆ ಜೋಲುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ ಆ ಭಂಗಿಯೇ ರಬ್ಬರಿನ ವಿಶ್ರಾಂತ ಸ್ಥಿತಿಯಾಗುತ್ತದೆ. ಕಾರನ್ನು ಇಳಿಸಿದ ಕ್ಷಣದಿಂದ ಅದು ಸದಾ ತಿರುಚಿದಂತೆಯೇ ಇರುತ್ತದೆ. ಹೀಗಾಗಿ ಬೋಲ್ಟನ್ನು ಮೊದಲು ಸಡಿಲವಾಗಿ ಕೂರಿಸಿ, ಚಕ್ರಗಳ ಮೇಲೆ ಕಾರಿನ ಭಾರ ಬಿದ್ದ ಮೇಲೆ ನಿಗದಿತ ಟಾರ್ಕ್‌ಗೆ ಬಿಗಿಯಬೇಕು.

ಉನ್ನತೀಕರಣದಲ್ಲಿ ರಬ್ಬರಿಗೆ ಬದಲಾಗಿ ಹೆಚ್ಚಾಗಿ ಬಳಕೆಯಾಗುವುದು ಪಾಲಿಯುರೆಥೇನ್. ಇದರ ರಸಾಯನಶಾಸ್ತ್ರವನ್ನು ಜರ್ಮನಿಯ ಒಟ್ಟೋ ಬೇಯರ್ ಮತ್ತು ಸಹೋದ್ಯೋಗಿಗಳು 1937ರಲ್ಲಿ ರೂಪಿಸಿದರು. ಇದು ಗಡುಸು, ಎಣ್ಣೆಗೆ ಬೇಗ ಹಾಳಾಗುವುದಿಲ್ಲ, ಬ್ರೇಕ್ ಹಾಕಿದಾಗ ಚಕ್ರದ ಕೋನ ಕದಲುವುದನ್ನು ತಗ್ಗಿಸುತ್ತದೆ. ಇದರ ಬುಷ್‌ಗಳು ಸಾಮಾನ್ಯವಾಗಿ ಅಂಟಿರುವುದಿಲ್ಲ, ಒಳಕೊಳವೆಯ ಸುತ್ತ ಜಾರುತ್ತವೆ. ಆದ್ದರಿಂದ ಸೂಕ್ತ ಗ್ರೀಸ್ ಬೇಕು, ಅದು ಒಣಗಿದರೆ ಕಿರುಗುಟ್ಟುತ್ತವೆ. ಒಂದೇ ಅಕ್ಷದ ಸುತ್ತ ತಿರುಗುವ ತೋಳಿಗೆ ಇವು ಹೊಂದುತ್ತವೆ. ಎರಡು ಮೂರು ದಿಕ್ಕಿನಲ್ಲಿ ಬಾಗಬೇಕಾದ ಹಿಂದಿನ ಎಳೆತೋಳಿನಂತಹ ಜಾಗದಲ್ಲಿ ಗಡುಸು ಬುಷ್ ಹಾಕಿದರೆ ಚಲನೆ ಹಿಡಿದಂತಾಗಿ, ಬುಷ್‌ನ ಬದಲು ಕೊಂಡಿ ಅಥವಾ ದೇಹದ ಬ್ರಾಕೆಟ್ ಬಿರುಕು ಬಿಡುವ ಅಪಾಯವಿದೆ. ದೈನಂದಿನ ಬಳಕೆಯ ಕಾರಿಗೆ ಮೂಲ ತಯಾರಕರ ಹೊಸ ರಬ್ಬರ್ ಬುಷ್‌ಗಳೇ ಹಲವು ಸಲ ಗಮನಾರ್ಹ ಸುಧಾರಣೆ ತರುತ್ತವೆ. ಸವೆದ ರಬ್ಬರಿನೊಂದಿಗೆ ಹೊಸ ಪಾಲಿಯುರೆಥೇನ್ ಅನ್ನು ಹೋಲಿಸಿ ಹೊಗಳುವುದು ನ್ಯಾಯವಾದ ಹೋಲಿಕೆಯಲ್ಲ.

ಸವೆತದ ಪರೀಕ್ಷೆ

ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ವಿಧಾನ ಪ್ರಸಿದ್ಧವಾಗಿದೆ. ಪೂರ್ತಿ ಸತ್ತ ಡ್ಯಾಂಪರ್ ಅನ್ನು ಅದು ಪತ್ತೆಮಾಡುತ್ತದೆ, ಅರ್ಧ ಸವೆದದ್ದನ್ನು ಹಿಡಿಯಲಾರದು, ಏಕೆಂದರೆ ಕೈಯ ಒತ್ತಡದಿಂದ ರಸ್ತೆಯಲ್ಲಿನ ವೇಗ ಉಂಟಾಗುವುದಿಲ್ಲ. ಸೀಲ್‌ನಿಂದ ಹರಿದ ಎಣ್ಣೆ, ಟೈರಿನ ಅಂಚಿನಲ್ಲಿ ಬಟ್ಟಲು ಬಟ್ಟಲಾಗಿ ಕಾಣುವ ಸವೆತ, ಬ್ರೇಕ್ ಹಾಕಿದಾಗ ಮೂತಿ ಅತಿಯಾಗಿ ಕುಸಿಯುವುದು ಹೆಚ್ಚು ನಂಬಲರ್ಹ ಲಕ್ಷಣಗಳು. ರಾಡ್‌ನ ಬಳಿ ಎಣ್ಣೆಯ ತೆಳು ಪಸೆ ಇರುವುದು ಸಹಜ. ಯುರೋಪಿನಲ್ಲಿ ಬಳಕೆಯಲ್ಲಿರುವ ಯೂಸಾಮಾ ಪರೀಕ್ಷೆಯಲ್ಲಿ ಚಕ್ರದ ಕೆಳಗಿನ ವೇದಿಕೆಯನ್ನು ಸುಮಾರು 25 ಹರ್ಟ್ಸ್‌ವರೆಗೆ ಕಂಪಿಸಿ, ಆವೃತ್ತಿ ಇಳಿಯುವಾಗ ಚಕ್ರವು ನೆಲವನ್ನು ಒತ್ತುವ ಕನಿಷ್ಠ ಬಲವನ್ನು ನಿಂತ ಭಾರದ ಶೇಕಡಾವಾರಾಗಿ ಅಳೆಯಲಾಗುತ್ತದೆ.

ಜೋಡಣೆ

ಈ ಕೆಲಸದಲ್ಲಿ ಪ್ರಾಣಾಪಾಯವಿರುವ ಹಂತ ಒಂದಿದೆ. ಸ್ಟ್ರಟ್‌ನ ಮಧ್ಯದ ನಟ್ಟು ಬಿಗಿಹಿಡಿದ ಸ್ಪ್ರಿಂಗ್ ಅನ್ನು ತಡೆದು ನಿಲ್ಲಿಸಿರುತ್ತದೆ. ಮೇಲಿನ ಉದಾಹರಣೆಯ ಸ್ಪ್ರಿಂಗ್ ಅನ್ನು 15 ಸೆಂಟಿಮೀಟರ್ ಕುಗ್ಗಿಸಿದರೆ ಅದು 3,000 ನ್ಯೂಟನ್ ಬಲದಿಂದ ಒತ್ತುತ್ತಿರುತ್ತದೆ. ಸಂಗ್ರಹವಾದ ಶಕ್ತಿ 225 ಜೂಲ್, ಅಂದರೆ 23 ಕಿಲೋಗ್ರಾಂ ತೂಕದ ವಸ್ತು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಸ್ಪ್ರಿಂಗ್ ಕಂಪ್ರೆಸರ್‌ನಿಂದ ಸುರುಳಿಗಳನ್ನು ಹಿಡಿದು, ಆಸನದಿಂದ ಸ್ಪ್ರಿಂಗ್ ಸಡಿಲವಾದುದನ್ನು ಖಚಿತಪಡಿಸಿಕೊಳ್ಳದೆ ಈ ನಟ್ಟನ್ನು ಮುಟ್ಟಬಾರದು. ಸವೆದ ಕಂಪ್ರೆಸರ್, ಹಗ್ಗ ಅಥವಾ ತಂತಿಯಿಂದ ಕಟ್ಟುವ ಉಪಾಯ ಇವು ಬಳಕೆಗೆ ಯೋಗ್ಯವಲ್ಲ. ಕಾರನ್ನು ಜ್ಯಾಕ್ ಒಂದರ ಮೇಲೆಯೇ ಬಿಡದೆ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು.

ಎರಡು ಕೊಳವೆಯ ಹೊಸ ಡ್ಯಾಂಪರ್ ಅಂಗಡಿಯಲ್ಲಿ ಮಲಗಿದ್ದರೆ ಅನಿಲ ಒಳಕೊಳವೆಗೆ ಸೇರಿರಬಹುದು. ಜೋಡಿಸುವ ಮೊದಲು ನೇರವಾಗಿ ನಿಲ್ಲಿಸಿ ಕೆಲವು ಸಲ ಪೂರ್ತಿ ಎಳೆದು ಒತ್ತಿದರೆ ಅದು ಹೊರಹೋಗುತ್ತದೆ. ನಟ್ಟು ಬಿಗಿಯುವಾಗ ಹೊಳಪಿನ ರಾಡ್ ಅನ್ನು ಇಕ್ಕಳದಿಂದ ಹಿಡಿಯುವ ಅಭ್ಯಾಸ ಕೆಲವೆಡೆ ಇದೆ. ಅಲ್ಲಿ ಬಿದ್ದ ಗೀರು ಪ್ರತಿ ಚಲನೆಯಲ್ಲೂ ಸೀಲನ್ನು ಕೊಯ್ಯುವುದರಿಂದ ಹೊಸ ಡ್ಯಾಂಪರ್ ಬೇಗ ಸೋರಲಾರಂಭಿಸುತ್ತದೆ. ಡ್ಯಾಂಪರ್‌ಗಳನ್ನು ಒಂದು ಅಚ್ಚಿನ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು. ಬಂಪ್ ಸ್ಟಾಪ್ ಮತ್ತು ಧೂಳುಗವಸುಗಳೂ ಹೊಸದಾಗಿರುವುದು ಒಳ್ಳೆಯದು. ಸ್ಟ್ರಟ್ ಬಿಚ್ಚಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಅನಿವಾರ್ಯ.

ಭಾರತದ ರಸ್ತೆಗಳು ಮತ್ತು ಎತ್ತರದ ಬದಲಾವಣೆ

ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯು ಗಂಟೆಗೆ 25 ಕಿಲೋಮೀಟರ್ ವೇಗಕ್ಕಾಗಿ 17 ಮೀಟರ್ ತ್ರಿಜ್ಯದ, 3.7 ಮೀಟರ್ ಅಗಲದ, 10 ಸೆಂಟಿಮೀಟರ್ ಎತ್ತರದ ರಸ್ತೆಯುಬ್ಬನ್ನು ಸೂಚಿಸುತ್ತದೆ. ಊರೂರುಗಳಲ್ಲಿ ಕಾಣುವ ಉಬ್ಬುಗಳು ಈ ಅಳತೆಗೆ ಬದ್ಧವಾಗಿರುವುದು ಅಪರೂಪ. ಹೀಗಾಗಿ ಬೇರೆ ದೇಶಗಳಲ್ಲಿ ಕಾರನ್ನು ತಗ್ಗಿಸಲು ಹವಣಿಸಿದರೆ ಇಲ್ಲಿ ಎತ್ತರಿಸಲು ಹವಣಿಸುವವರೇ ಹೆಚ್ಚು.

ಇದಕ್ಕೆ ಅಗ್ಗದ ಉಪಾಯವೆಂದರೆ ಸ್ಪ್ರಿಂಗ್‌ನ ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್. ಅದು ಕೆಲವು ಸುರುಳಿಗಳ ಚಲನೆಯನ್ನು ಕಟ್ಟಿಹಾಕಿ ಸ್ಪ್ರಿಂಗ್‌ನ ಬಿಗುವನ್ನು ಹೆಚ್ಚಿಸುತ್ತದೆ. ಡ್ಯಾಂಪರ್ ಹಳೆಯದೇ ಆಗಿರುವುದರಿಂದ ಮೇಲಿನ ಲೆಕ್ಕದ ದೋಷವೇ ಇಲ್ಲಿಯೂ ಉಂಟಾಗುತ್ತದೆ. ಇದಲ್ಲದೆ ದೇಹ ಮೇಲೆದ್ದಷ್ಟೂ ಡ್ಯಾಂಪರ್ ಹಿಗ್ಗಿದ ಸ್ಥಿತಿಯಲ್ಲಿ ನಿಲ್ಲುತ್ತದೆ. ಹಿಗ್ಗಲು 80 ಮಿಲಿಮೀಟರ್ ಅವಕಾಶವಿದ್ದ ಡ್ಯಾಂಪರ್ 30 ಮಿಲಿಮೀಟರ್ ಎತ್ತರಿಸಿದ ಮೇಲೆ 50 ಮಿಲಿಮೀಟರ್‌ನಲ್ಲೇ ತುದಿ ಮುಟ್ಟುತ್ತದೆ. ಗುಂಡಿಗೆ ಇಳಿದ ಚಕ್ರ ನೆಲವನ್ನು ತಲುಪದೆ ಡ್ಯಾಂಪರ್‌ಗೆ ನೇತುಬೀಳುತ್ತದೆ. ಸ್ಟ್ರಟ್ ಮೌಂಟ್ ಮತ್ತು ದೇಹದ ನಡುವೆ ಇಡುವ ಲೋಹದ ಸ್ಪೇಸರ್‌ನಿಂದ ಈ ದೋಷ ಬರುವುದಿಲ್ಲ. ಆದರೆ ಚಕ್ರಕ್ಕೆ ಶಕ್ತಿ ಒಯ್ಯುವ ಅಚ್ಚಿನ ಕೋನವೂ ಕೆಳತೋಳಿನ ಓರೆಯೂ ಹೆಚ್ಚಿ, ಅಚ್ಚಿನ ಕೀಲುಗಳು ಮತ್ತು ಬಾಲ್ ಜಾಯಿಂಟ್ ಬೇಗ ಸವೆಯುತ್ತವೆ.

ಸದಾ ಪೂರ್ತಿ ಭಾರದೊಂದಿಗೆ ಓಡುವ ಟ್ಯಾಕ್ಸಿಗಳ ವಿಷಯ ಬೇರೆ. ಮೇಲಿನ ಉದಾಹರಣೆಯ ಚಕ್ರದ ಭಾರ 400 ಕಿಲೋಗ್ರಾಂ ಆದರೆ ಅವಮಂದನದ ಪ್ರಮಾಣ ಶೇ. 26ಕ್ಕೆ ಇಳಿಯುತ್ತದೆ. ಇಂತಹ ಬಳಕೆಗೆ ಸ್ಪ್ರಿಂಗ್ ಮತ್ತು ಡ್ಯಾಂಪರ್ ಎರಡನ್ನೂ ಸ್ವಲ್ಪ ಬಿಗಿಯಾದವುಗಳಿಗೆ ಬದಲಿಸುವುದಕ್ಕೆ ಸಕಾರಣವಿದೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವ ರೀತಿಯಲ್ಲಿ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಯಮವನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಸವೆದ ಡ್ಯಾಂಪರ್, ಬುಷ್ ಅಥವಾ ಬೇರಿಂಗ್‌ಗೆ ಬದಲಾಗಿ ಅದೇ ವಿವರಣೆಯ ಭಾಗವನ್ನು ಹಾಕುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಜರ್ಮನಿಯಲ್ಲಿ ಬದಲಿ ಸ್ಪ್ರಿಂಗ್ ಮತ್ತು ಎತ್ತರ ಹೊಂದಿಸುವ ಸ್ಟ್ರಟ್‌ಗಳಿಗೆ ಭಾಗದ ಪ್ರಮಾಣಪತ್ರ ಇರಬೇಕಾಗುತ್ತದೆ. ಹಲವು ಸಂದರ್ಭಗಳಲ್ಲಿ ಮಾನ್ಯತೆ ಪಡೆದ ತಪಾಸಣಾ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ ವಾಹನದ ದಾಖಲೆಯಲ್ಲಿ ನಮೂದಿಸಬೇಕಾಗುತ್ತದೆ.